ಕಿವಿ ಮೇಸ್ತ್ರಿ ಮತ್ತು ಏರು ಹತ್ತದ ಮಿಲಿಟರಿ ಲಾರಿ

ಬಸ್ ನಿಲ್ದಾಣದ ಹಿಂದಿನ ಬೀದಿಗೆ ಇಳಿದು, ಟೈರಿನಂಗಡಿ ದಾಟಿದರೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಅದರ ಬಾಗಿಲಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು, ಹೋಗುವ ಬರುವ ವಾಹನಗಳಿಗೆಲ್ಲ ಮುಖ ಸಿಂಡರಿಸುತ್ತ ಒಬ್ಬ ಮನುಷ್ಯ ಕೂತಿದ್ದರೆ, ಅವನೇ ಕಿವಿ ಮೇಸ್ತ್ರಿ. ಅವನಿಗೂ ಒಂದು ಹೆಸರಿದೆ ಅನ್ನುತ್ತಾರೆ. ಹೆಂಡತಿಯನ್ನು ಕೇಳಿದರೆ ಅವಳೂ ಸ್ವಲ್ಪ ಯೋಚನೆ ಮಾಡಿ ಹೇಳಬೇಕು.

ಈ ಹೆಸರು ಬಂದದ್ದು ಹೀಗೆ. ಹರೆಯದಲ್ಲಿ ಅವನು ಒಬ್ಬ ಮುದುಕ ಮೇಸ್ತ್ರಿಯ ಹತ್ತಿರ ಡೀಸೆಲ್ ಇಂಜಿನ್ನಿನ ಕೆಲಸ ಕಲಿಯಲು ಸೇರಿದ. ಆ ಮುದುಕ ಇಂಜಿನ್ ಬಿಚ್ಚುತ್ತಿದ್ದ, ತೊಳೆಯುತ್ತಿದ್ದ, ಅಳೆಯುತ್ತಿದ್ದ, ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಹಾ ಕೊಟ್ಟು ನಿಧಾನವಾಗಿ ವಿಚಾರಿಸುತ್ತಿದ್ದ, ಲಾರಿಯಲ್ಲಿ ತಾನೇ ಕೂತು ಊರಾಚೆ ತನಕ ಹೋಗಿ ಬರುತ್ತಿದ್ದ. ನಡುನಡುವೆ ಒಮ್ಮೊಮ್ಮೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಒಳಗಿನ ಸದ್ದು ಕೇಳುತ್ತಿದ್ದ. ನಮ್ಮವನು ಅಷ್ಟು ವರ್ಷ ಅಲ್ಲಿದ್ದು ಕಲಿತದ್ದು ಆ ಕೊನೆಯ ಒಂದನ್ನೇ. ಅದಕ್ಕೆ ಕಾರಣ ಹುಡುಕಿ ದೂರ ಹೋಗಬೇಕಾಗಿಲ್ಲ. ಆ ಎಲ್ಲ ಕೆಲಸಗಳಲ್ಲಿ ಕೈಗೆ ಗ್ರೀಸ್ ಮೆತ್ತಿಕೊಳ್ಳದ ಕೆಲಸ ಅದೊಂದೇ.

ಸ್ವಂತ ಶೆಡ್ಡು ಹಾಕಿದ ಮೇಲೆ ಆ ಒಂದು ವಿದ್ಯೆಯ ಸುತ್ತ ಒಂದು ದರ್ಬಾರನ್ನೇ ಕಟ್ಟಿಕೊಂಡ. ಗಾಡಿ ಬಂದು ನಿಂತರೆ ಎದ್ದೇಳುವುದಿಲ್ಲ. ಡ್ರೈವರು ಇಳಿದು ಬಂದು, "ಮೇಸ್ತ್ರಿ, ಎರಡನೇ ಗೇರಲ್ಲಿ…" ಎಂದು ಬಾಯಿ ತೆರೆದರೆ ಅಂಗೈ ಎತ್ತಿ ತಡೆಯುತ್ತಾನೆ.

"ನೀವು ಹೇಳಬೇಡಿ. ಡ್ರೈವರ ಬಾಯಿಂದ ಬರೋದು ಎರಡೇ, ಬೀಡಿ ಹೊಗೆ ಮತ್ತೆ ಸುಳ್ಳು. ಇಂಜಿನ್ ಹೇಳುತ್ತೆ."

ಆದರೆ ಇಂಜಿನ್ ಹೇಳುವುದಕ್ಕೆ ಮುಂಚೆ ಇನ್ನೊಂದು ಶಾಸ್ತ್ರ ಉಂಟು. ಬಾಗಿಲ ಹಿಂದೆ ಒಂದು ಬಿದಿರ ಕೋಲು ಇಟ್ಟಿದ್ದಾನೆ. ಅದನ್ನು ತಂದು, ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಕೋಲನ್ನು ಒಳಗೆ ಇಳಿಸಿ, ಎಷ್ಟರ ತನಕ ಒದ್ದೆಯಾಗಿದೆ ಅಂತ ಡ್ರೈವರ ಮೂಗಿನ ಹತ್ತಿರ ಹಿಡಿದು ತೋರಿಸುತ್ತಾನೆ. ಟ್ಯಾಂಕು ತುಂಬಿದ್ದರೂ ಸರಿಯೇ. "ನನ್ನ ಹತ್ತಿರ ಬರೋ ಗಾಡಿಗಳಲ್ಲಿ ಅರ್ಧಕ್ಕೆ ಕಾಯಿಲೆ ಇರಲ್ಲ, ಹೊಟ್ಟೆಗೆ ಇರಲ್ಲ," ಅನ್ನುತ್ತಾನೆ. ಬಂದವನನ್ನು ಮೊದಲು ಹೀಗೆ ಒಂದು ಮೆಟ್ಟಿಲು ಕೆಳಗಿಳಿಸದೆ ಅವನಿಗೆ ಕೆಲಸ ಶುರು ಮಾಡಿದ ಹಾಗೇ ಆಗುವುದಿಲ್ಲ. ಆಮೇಲೆ ಸ್ಕ್ರೂಡ್ರೈವರು, ಕಿವಿ, ಮುಚ್ಚಿದ ಕಣ್ಣು. ಸುತ್ತ ನಿಂತವರು ಕೆಮ್ಮುವ ಹಾಗಿಲ್ಲ. ಕಣ್ಣು ಬಿಟ್ಟು ಒಂದೇ ಪದ ಹೇಳುತ್ತಾನೆ, "ನಾಝಲ್." ಇಲ್ಲವಾದರೆ "ಪಂಪು." ಇಲ್ಲವಾದರೆ "ಬೇರಿಂಗು." ಅದಕ್ಕಿಂತ ಹೆಚ್ಚು ಮಾತು ಖರ್ಚು ಮಾಡಿದರೆ ಗೌರವ ಇಳಿಯುತ್ತದೆ.

ಮನೆಯಲ್ಲೂ ಇದೇ. ಒಂದು ಸಲ ಅಡುಗೆಮನೆಯಲ್ಲಿ ಮಿಕ್ಸಿ ಕರಕರ ಅಂದಿತು. ನಡುಮನೆಯಲ್ಲಿ ಮಲಗಿದ್ದವನು ಕಣ್ಣು ಮುಚ್ಚಿಕೊಂಡೇ, "ಬೇರಿಂಗ್ ಹೋಗಿದೆ," ಅಂದ.

"ಬೇರಿಂಗ್ ಅಲ್ಲ, ಚಮಚ ಬಿದ್ದಿದೆ," ಎಂದಳು ಹೆಂಡತಿ, ಅದನ್ನು ಆರಿಸಿ ತೆಗೆಯುತ್ತ.

"ಚಮಚ ಯಾಕೆ ಬಿತ್ತು? ಬೇರಿಂಗ್ ಅಲುಗಾಡಿದ್ದಕ್ಕೆ ಬಿತ್ತು."

ಅವಳು ಮತ್ತೆ ಮಾತಾಡಲಿಲ್ಲ. ಅವನ ಜೊತೆ ಬಾಳಿ ಬಾಳಿ ಅವಳಿಗೆ ಎಲ್ಲಿ ಬಾಯಿ ಮುಚ್ಚಿದರೆ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವ ಲೆಕ್ಕ ಚೆನ್ನಾಗಿ ಗೊತ್ತು.

ಇಷ್ಟೆಲ್ಲ ಮಾಡುವವನು ಒಂದು ಕೆಲಸ ಮಾತ್ರ ಸತ್ತರೂ ಮಾಡುವುದಿಲ್ಲ. ಕೆಟ್ಟ ಗಾಡಿಯಲ್ಲಿ ಕೂತು ರಸ್ತೆಗೆ ಹೋಗಿ ನೋಡುವುದಿಲ್ಲ. ಯಾರಾದರೂ, "ಮೇಸ್ತ್ರಿ, ಶೆಡ್ಡಲ್ಲಿ ಸರಿಯಾಗೇ ಇರುತ್ತೆ, ಒಂದು ಸುತ್ತು ಬಂದು ನೋಡಿ," ಅಂದರೆ ಅವನ ಹುಬ್ಬು ಮೇಲಕ್ಕೆ ಹೋಗುತ್ತದೆ. "ರೋಗಿ ಡಾಕ್ಟರ ಹತ್ತಿರ ಬರಬೇಕು. ಡಾಕ್ಟರು ರೋಗಿಯ ಬೆನ್ನ ಮೇಲೆ ಕೂತ್ಕೊಂಡು ಊರು ಸುತ್ತಬೇಕಾ?" ಕೇಳಿದವರು ಇದನ್ನು ದೊಡ್ಡಸ್ತಿಕೆ ಅಂದುಕೊಳ್ಳುತ್ತಾರೆ. ನಿಜ ಗೊತ್ತಿರುವುದು ಅವನ ತಂಗಿಗೆ. ಚಿಕ್ಕವರಿದ್ದಾಗ ಅಪ್ಪನ ಲಾರಿಯಲ್ಲಿ ಇಬ್ಬರೂ ಹೋಗುತ್ತಿದ್ದರು. ಏರುದಾರಿಯ ಎರಡನೇ ತಿರುವಿನಲ್ಲಿ ಇವನು ಕಿಟಕಿಯಿಂದ ಹೊರಗೆ ತಲೆ ಹಾಕಿ ವಾಂತಿ ಮಾಡುತ್ತಿದ್ದ. ತಂಗಿ ಅಪ್ಪನ ಪಕ್ಕದಲ್ಲಿ ಕೂತು ಗೇರು ಬದಲಾಯಿಸುವುದನ್ನು ನೋಡುತ್ತಿದ್ದಳು. ಹಾಗಾಗಿ ಡ್ರೈವಿಂಗ್ ಕಲಿತವಳು ಅವಳು. ಇವನು ನಿಂತ ಗಾಡಿಗಳ ತಜ್ಞನಾದ.

ಈಗ ತಂಗಿಯ ವಿಷಯಕ್ಕೆ ಬರೋಣ, ಯಾಕೆಂದರೆ ಇವನ ಕಿವಿಯ ಖ್ಯಾತಿಗೆ ಬೆಲೆ ತೆರಬೇಕಾಗಿ ಬಂದದ್ದು ಅವಳಿಗೆ.

ಊರಿನ ಪಕ್ಕದ ಗುಡ್ಡದ ಮೇಲೆ ಒಂದು ಹೆರಿಗೆ ಆಸ್ಪತ್ರೆ ಇದೆ. ಒಳ್ಳೆ ಗಾಳಿ ಬೆಳಕು ಸಿಗಲಿ ಅಂತ ಮೇಲೆ ಕಟ್ಟಿದರು. ನೀರು ಮೇಲಕ್ಕೆ ಹತ್ತುವುದಿಲ್ಲ ಅನ್ನುವುದು ಕಟ್ಟಿದ ಮೇಲೆ ಅವರ ಬುದ್ಧಿಗೆ ಹೊಳೆಯಿತು. ಅಂದಿನಿಂದ ದಿನಾ ಬೆಳಗ್ಗೆ ಕೆಳಗಿನಿಂದ ಟ್ಯಾಂಕರಿನಲ್ಲಿ ನೀರು ಹೋಗಬೇಕು. ಆ ಕೆಲಸ ಹಿಡಿದವಳು ಈ ತಂಗಿ. ಮೇಲಿನವರೆಲ್ಲ ಅವಳನ್ನು ಕರೆಯುವುದು ನೀರಕ್ಕ ಅಂತ. ಗಂಡ ಟೈಲರು, ಓಡುವ ಯಂತ್ರ ಅಂದರೆ ಅವನಿಗೆ ಹೊಲಿಗೆ ಯಂತ್ರ ಒಂದೇ. ಸೈನ್ಯದವರು ಹರಾಜು ಹಾಕಿದ ಒಂದು ಹಳೇ ಡೀಸೆಲ್ ಲಾರಿಯನ್ನು ಕೊಂಡು, ಅದರ ಬೆನ್ನಿಗೆ ನೀರಿನ ಟ್ಯಾಂಕು ಕೂರಿಸಿಕೊಂಡು, ನೀರಕ್ಕ ತಾನೇ ಓಡಿಸುತ್ತಾಳೆ. ಉದ್ದ ಮೂತಿಯ, ಎತ್ತರದ ಚಕ್ರಗಳ ಲಾರಿ. ಕಲ್ಲು ಮುಳ್ಳು ಏನೂ ಲೆಕ್ಕಕ್ಕಿಲ್ಲ. ಆದರೆ ನಿಧಾನ, ಮತ್ತು ಡೀಸೆಲ್ಲನ್ನು ನೀರಿನ ಹಾಗೆ ಕುಡಿಯುತ್ತದೆ. ಗುಡ್ಡದ ಕೆಲಸ ಒಂದು ಬಿಟ್ಟರೆ ಅದನ್ನು ಬಾಡಿಗೆಗೆ ಕರೆಯುವವರು ಯಾರೂ ಇಲ್ಲ. ಆ ಕೆಲಸ ಕೈ ಬಿಟ್ಟ ದಿನ ಲಾರಿ ಗುಜರಿಗೆ, ಅವಳು ಗಂಡನ ಪಕ್ಕದಲ್ಲಿ ಗುಂಡಿ ಹೊಲಿಯುವುದಕ್ಕೆ. ಇದು ಅವಳಿಗೂ ಗೊತ್ತು, ಗಂಡನಿಗೂ ಗೊತ್ತು, ಆಸ್ಪತ್ರೆಯ ಸ್ಟೋರ್ ಕೀಪರನಿಗೂ ಗೊತ್ತು.

ಲಾರಿ ಊರಿಗೆ ಬಂದ ದಿನ ಅಣ್ಣನ ಶೆಡ್ಡಿನಲ್ಲೇ ಇಳಿಯಿತು. ಬೀದಿಯವರೆಲ್ಲ ನೋಡುತ್ತಿದ್ದಾರೆ ಅಂದ ಮೇಲೆ ಮೇಸ್ತ್ರಿ ಸುಮ್ಮನಿರುತ್ತಾನೆಯೇ? ಒಂದು ಸ್ಪಾನರು, ಒಂದು ಇಕ್ಕಳ ಹಿಡಿದುಕೊಂಡು ಲಾರಿಯ ಸುತ್ತ ಬಂದ. ಏನೇನು ತಿರುಗುತ್ತದೋ ಅದನ್ನೆಲ್ಲ ಬಿಗಿ ಮಾಡಿದ. "ಮಿಲಿಟರಿ ಗಾಡಿ ಇದು. ಇದರಲ್ಲಿ ಸಡಿಲ ಅನ್ನೋದು ಇರಬಾರದು," ಎಂದು ಬೀದಿಗೆ ಕೇಳುವ ಹಾಗೆ ಹೇಳಿದ. ಆಮೇಲೆ ಡಬ್ಬಿಗಟ್ಟಲೆ ಹಸಿರು ಬಣ್ಣ ತಂದು ಬಂಪರಿನಿಂದ ಹಿಡಿದು ಡೀಸೆಲ್ ಟ್ಯಾಂಕಿನ ಮುಚ್ಚಳದ ತನಕ ಬಳಿಸಿದ. ಸೈನ್ಯದವರು ಅಲ್ಲಲ್ಲಿ ಏನೇನೋ ಗುರುತು ಕೆತ್ತಿದ್ದರು. ಬಣ್ಣದ ಅಡಿಯಲ್ಲಿ ಎಲ್ಲ ಮುಳುಗಿ ಹೋದವು. ನೋಡುವುದಕ್ಕೆ ಲಾರಿ ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ.

ತೊಂದರೆ ಶುರುವಾದದ್ದು ಅದರ ಮರುದಿನದಿಂದ. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ಚೆನ್ನಾಗಿ ಓಡುತ್ತದೆ. ಗುಡ್ಡದ ಬುಡದಲ್ಲೂ ಸರಿ. ಏರಿನ ಅರ್ಧಕ್ಕೆ ಬರುವ ಹೊತ್ತಿಗೆ ಯಾರೋ ಗಂಟಲು ಹಿಸುಕಿದ ಹಾಗೆ ಇಂಜಿನ್ ಕುಗ್ಗುತ್ತದೆ. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೂ ಎಳೆಯುವುದಿಲ್ಲ. ಗೇರು ಇಳಿಸಿ, ಇನ್ನೂ ಇಳಿಸಿ, ಕಟ್ಟಕಡೆಗೆ ನಡೆಯುವವರು ಪಕ್ಕದಲ್ಲಿ ದಾಟಿ ಹೋಗುತ್ತಾರೆ. ಮೇಲೆ ತಲುಪುವಾಗ ಆಸ್ಪತ್ರೆಯ ನಲ್ಲಿಗಳು ಒಣಗಿರುತ್ತವೆ.

ನೀರಕ್ಕ ಅಣ್ಣನ ಹತ್ತಿರ ಬಂದಳು. "ಅಣ್ಣ, ಅರ್ಧ ಏರಿದ ಮೇಲೆ ಎಳೆಯಲ್ಲ. ಹೊಗೆ ಕಪ್ಪಗೆ ಬಂದರೆ ಬೇರೆ ಮಾತು. ಬರೋದೇ ಇಲ್ಲ. ಡೀಸೆಲ್ಲೇ ಸಿಗ್ತಿಲ್ಲವೇನೋ ಅನ್ಸುತ್ತೆ."

ಅಂಗೈ ಎದ್ದಿತು. ತಂಗಿಯಾದರೇನು, ಡ್ರೈವರು ಡ್ರೈವರೇ. ಕೋಲು ಬಂತು, ಮುಚ್ಚಳ ತೆಗೆದಾಯಿತು, ಕೋಲು ಇಳಿಸಿ ಅವಳ ಮೂಗಿನ ಹತ್ತಿರ ಹಿಡಿದಾಯಿತು. ಅರ್ಧಕ್ಕಿಂತ ಹೆಚ್ಚು ಒದ್ದೆಯಾಗಿತ್ತು. "ಡೀಸೆಲ್ ಇದೆಯಲ್ಲ, ಸಿಗ್ತಿಲ್ಲ ಅಂತೀಯ," ಎಂದು ನಕ್ಕ. ಸ್ಕ್ರೂಡ್ರೈವರು ಹಚ್ಚಿ ಕಣ್ಣು ಮುಚ್ಚಿ, "ನಾಝಲ್," ಅಂದ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬದಲಾಯಿತು. ನೀರಕ್ಕ ಶೆಡ್ಡಿನಿಂದ ನೆಟ್ಟಗೆ ನೀರು ತುಂಬಿಸಿಕೊಂಡು ಹೊರಟಳು. ಲಾರಿ ಏರು ಹತ್ತಿತು. ಮೇಸ್ತ್ರಿಯ ಕುರ್ಚಿ ಆ ದಿನ ಬೀದಿಯ ಕಡೆಗೆ ಇನ್ನೂ ಸ್ವಲ್ಪ ಮುಂದೆ ಬಂತು.

ಎರಡು ದಿನಕ್ಕೆ ಮತ್ತೆ ಅದೇ ಕಥೆ. ಮತ್ತೆ ಕೋಲು, ಮತ್ತೆ ಕಿವಿ. ಈ ಸಲ "ಫಿಲ್ಟರು." ಹೊಸ ಫಿಲ್ಟರು ಹಾಕಿದ ದಿನ ಲಾರಿ ಹತ್ತಿತು, ಮಾರನೇ ದಿನ ಅರ್ಧದಲ್ಲೇ ಕುಗ್ಗಿತು. ಆಮೇಲೆ "ಪಂಪು." ಪಂಪು ಬಿಚ್ಚಿ ಕಟ್ಟಿ ಅದಕ್ಕೂ ಹಸಿರು ಬಣ್ಣ ಬಳಿದು ಕಳಿಸಿದ. ಲಾರಿ ಶೆಡ್ಡಿನಿಂದ ಹೊರಟ ದಿನ ಆನೆ, ಮನೆಯಿಂದ ಹೊರಟ ದಿನ ಕತ್ತೆ. ಇಷ್ಟಾದರೂ ಇವನಿಗೆ ಒಂದು ಅನುಮಾನ ಬರಬೇಕಲ್ಲ, ಬರಲಿಲ್ಲ. ತನ್ನ ಕೈ ಮುಟ್ಟಿದರೆ ಗಾಡಿ ಓಡುತ್ತದೆ, ಬೇರೆಯವರ ಕೈಗೆ ಹೋದರೆ ನಿಲ್ಲುತ್ತದೆ ಅನ್ನುವುದು ಅವನಿಗೆ ತುಂಬ ಸಹಜವಾಗಿ ಕಂಡಿತು. ಕಡೆಗೆ ಒಂದು ದಿನ ಹೇಳಿಯೇಬಿಟ್ಟ.

"ನೋಡು, ಗಾಡಿಯಲ್ಲಿ ಏನೂ ಇಲ್ಲ. ನಿನ್ನ ಕಾಲಲ್ಲಿ ಬಲ ಇಲ್ಲ. ಆಕ್ಸಿಲರೇಟರ್ ಒತ್ತೋಕೆ ಹೆದರ್ತೀಯ."

"ಅಪ್ಪನ ಲಾರಿ ಓಡಿಸುವಾಗ ಇದ್ದ ಕಾಲೇ ಅಣ್ಣ ಇದು."

"ಆಗ ವಯಸ್ಸಿತ್ತು."

ನೀರಕ್ಕ ಕೋಪ ನುಂಗಿಕೊಂಡು ಇನ್ನೊಂದು ವಿಷಯ ತೆಗೆದಳು. "ಒಂದು ಹೇಳ್ತೀನಿ, ಕೇಳು. ಗುಡ್ಡದ ಬುಡದ ಬಂಕಲ್ಲಿ ಡೀಸೆಲ್ ಹಾಕಿಸಿದ ದಿನವೂ ಸಲೀಸಾಗಿ ಹತ್ತುತ್ತೆ. ಹಾಕಿಸದ ದಿನ ಹತ್ತಲ್ಲ. ಟ್ಯಾಂಕಲ್ಲಿ ಮೊದಲೇ ಸಾಕಷ್ಟು ಇದ್ದರೂ ಅಷ್ಟೇ. ಅದ್ಯಾಕೆ?"

ಬೇರೆ ಯಾವ ಮೇಸ್ತ್ರಿಯಾದರೂ ಈ ಮಾತಿಗೆ ಕುರ್ಚಿಯಿಂದ ಏಳುತ್ತಿದ್ದ. ಇವನು ಕಾಲು ಬದಲಾಯಿಸಿ ಕೂತ. "ಊಟ ಮಾಡಿದ ಮೇಲೆ ನಿನಗೂ ನಡೆಯೋಕೆ ಬಲ ಬರಲ್ವಾ? ಹಾಗೆ."

ಎಂಥೆಂಥ ಸೂಕ್ಷ್ಮ ಸದ್ದನ್ನು ಹಿಡಿಯುತ್ತೇನೆ ಅಂತ ಊರಿಗೆಲ್ಲ ಹೇಳಿಕೊಂಡ ಕಿವಿ ಅದು. ಎದುರಿಗೆ ನಿಂತ ಮನುಷ್ಯರ ಮಾತಿಗೆ ಮಾತ್ರ ಅದರಲ್ಲಿ ಜಾಗ ಇರಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯ ಸ್ಟೋರ್ ಕೀಪರನ ತಾಳ್ಮೆ ಮುಗಿಯಿತು. ಒಣಕಲು ಮನುಷ್ಯ, ಕೈ ಹಿಂದೆ ಕಟ್ಟಿಕೊಂಡು ಗೇಟಿನಲ್ಲಿ ನಿಲ್ಲುವುದೇ ಅವನ ವೃತ್ತಿ. "ನೀರಕ್ಕ, ಬಾಣಂತಿಯರು ನನ್ನ ಬಯ್ತಾರೆ, ಡಾಕ್ಟರು ನನ್ನ ಬಯ್ತಾರೆ. ನಾನು ಯಾರನ್ನ ಬಯ್ಯಲಿ? ಊರಲ್ಲಿ ಇನ್ನೊಬ್ಬ ಹೊಸ ಟ್ಯಾಂಕರ್ ಲಾರಿ ತಗೊಂಡಿದಾನೆ. ನಾಳೆಯೂ ತಡ ಆದರೆ ಕೆಲಸ ಅವನಿಗೆ. ನಾಳೆ ನೀರು ತುಂಬಿಸ್ಕೊಂಡು ನಿಮ್ಮ ಹಿಂದೇನೇ ಬರೋಕೆ ಹೇಳಿದೀನಿ. ನೀವು ಮೊದಲು ಬಂದ್ರೆ ಅವನು ವಾಪಸ್, ಅವನು ಮೊದಲು ಬಂದ್ರೆ ನೀವು."

ನೀರಕ್ಕ ಆ ಸಂಜೆಯೇ ಅಣ್ಣನ ಮನೆಗೆ ಹೋದಳು. ಅವನು ಊಟಕ್ಕೆ ಕೂತಿದ್ದ.

"ನಾಳೆ ನೀನು ನನ್ನ ಜೊತೆ ಏರು ಹತ್ತಬೇಕು," ಅಂದಳು.

"ಶೆಡ್ಡು ಬಿಟ್ಟು ಹೇಗೆ ಬರಲಿ?"

"ಹೋಗಿ ಬನ್ನಿ," ಎಂದಳು ಹೆಂಡತಿ, ತಟ್ಟೆಗೆ ಬಡಿಸುತ್ತ. "ಶೆಡ್ಡನ್ನ ಯಾರೂ ಹೊತ್ಕೊಂಡು ಹೋಗಲ್ಲ. ಹೊತ್ಕೊಂಡು ಹೋದರೂ ಎರಡು ದಿನಕ್ಕೆ ತಂದು ಇಟ್ಟು ಹೋಗ್ತಾರೆ."

"ಅಲ್ಲ, ನಾಳೆ ಒಬ್ಬ ಬರ್ತೀನಿ ಅಂದಿದ್ದ."

"ಯಾರು?"

ಅವನಿಗೆ ತಕ್ಷಣ ಒಬ್ಬ ಹೊಳೆಯಲಿಲ್ಲ. ತುತ್ತು ಬಾಯಿಗೆ ಇಟ್ಟುಕೊಂಡು ಮಾತು ತಪ್ಪಿಸಿದ.

"ಅಣ್ಣ, ಈ ಕೆಲಸ ಹೋದರೆ ನನ್ನ ಲಾರಿ ಗುಜರಿಗೆ ಹೋಗುತ್ತೆ," ಎಂದಳು ನೀರಕ್ಕ. "ಅದೂ ನಿನ್ನ ಬಣ್ಣದ ಸಮೇತ."

ಲಾರಿಯ ಮಾತಿಗಿಂತ ಬಣ್ಣದ ಮಾತು ಅವನಿಗೆ ಚುಚ್ಚಿತೋ ಏನೋ, ಬರುತ್ತೇನೆ ಅಂದ. ಬೆಳಗ್ಗೆ ಅವನು ಕೋಲು, ಸ್ಕ್ರೂಡ್ರೈವರು, ಸ್ಪಾನರಿನ ಚೀಲ ಎಲ್ಲ ಹಿಡಿದುಕೊಂಡು ಮದುವೆಗೆ ಹೊರಟವನ ಹಾಗೆ ಮೆಟ್ಟಿಲಿಳಿದಾಗ, ಹೆಂಡತಿ ಯಾರೂ ನೋಡದ ಹಾಗೆ ನಾದಿನಿಯ ಕೈಗೆ ಒಂದು ಪ್ಲಾಸ್ಟಿಕ್ ಚೀಲ ತುರುಕಿದಳು. "ಬೇಕಾಗುತ್ತೆ, ಇಟ್ಕೊಳ್ಳಿ," ಎಂದಳು. ನಾದಿನಿ, ಅತ್ತಿಗೆ ಒಬ್ಬರ ಮುಖ ಒಬ್ಬರು ನೋಡಿ ತುಟಿ ಬಿಗಿಹಿಡಿದರು.

ಆ ದಿನ ಅವಳು ಬೇಕೆಂದೇ ಬಂಕಿನಲ್ಲಿ ನಿಲ್ಲಿಸಲಿಲ್ಲ. ರೋಗ ಇರುವ ಹಾಗೇ ಡಾಕ್ಟರ ಕಣ್ಣಿಗೆ ಬೀಳಲಿ ಅಂತ. ನೀರು ತುಂಬಿಸಿಕೊಂಡೇ ಬಂದಿದ್ದವಳು ಇಂಜಿನ್ ಆರಿಸದೆ ಮನೆಯ ಮುಂದಿನಿಂದ ಹೊರಟದ್ದರಿಂದ ಮೇಸ್ತ್ರಿಗೆ ಕೋಲು ಇಳಿಸುವ ಶಾಸ್ತ್ರಕ್ಕೂ ಸಮಯ ಸಿಗಲಿಲ್ಲ. ಗುಡ್ಡದ ಬುಡದಲ್ಲಿ ಹೊಸ ಲಾರಿ ನೀರು ತುಂಬಿಕೊಂಡು ಕಾಯುತ್ತಿತ್ತು. ಇವರು ದಾಟುತ್ತಲೇ ಬಾಲ ಹಿಡಿದು ಬಂತು.

"ಏನಾಗಿದೆ ಇದಕ್ಕೆ?" ಎಂದ ಮೇಸ್ತ್ರಿ ಮೊದಲ ತಿರುವಿನಲ್ಲಿ, ಸೀಟಿಗೆ ಒರಗಿ. "ಚೆನ್ನಾಗೇ ಇದೆ. ಸುಮ್ಮನೆ ಮನೆಮಂದಿಗೆಲ್ಲ ಗಾಬರಿ ಮಾಡಿದೆ."

ಎರಡನೇ ತಿರುವು ದಾಟಿದ ಮೇಲೆ ಅವನು ಮಾತು ನಿಲ್ಲಿಸಿದ. ಮುಖದ ಬಣ್ಣ ಲಾರಿಯ ಬಣ್ಣಕ್ಕೆ ಹತ್ತಿರವಾಗುತ್ತ ಬಂತು. ಅಷ್ಟರಲ್ಲಿ ಲಾರಿಯೂ ಕುಗ್ಗತೊಡಗಿತು. ಅಣ್ಣ ಒಂದು ಕಡೆ, ಇಂಜಿನ್ ಒಂದು ಕಡೆ, ಇಬ್ಬರೂ ಒಟ್ಟಿಗೆ ಬಲ ಬಿಡುತ್ತಿದ್ದಾರೆ. ನೀರಕ್ಕ ಪ್ಲಾಸ್ಟಿಕ್ ಚೀಲವನ್ನು ಅವನ ಮಡಿಲಿಗೆ ಎಸೆದು, ಗೇರು ಇಳಿಸಿ, ರಸ್ತೆ ಕಿರಿದಾದ ಜಾಗದಲ್ಲಿ ನಿಲ್ಲಿಸಿ, ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಳು. ಇಂಜಿನ್ ಆರಿಸಲಿಲ್ಲ. ಅದು ಜ್ವರ ಬಂದವರ ಹಾಗೆ ನಡುಗುತ್ತ ನಿಂತಿತ್ತು.

ಹಿಂದಿನಿಂದ ಹಾರನ್ನು ಬಂತು. ಹೊಸ ಲಾರಿಯವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ.

"ಅಕ್ಕಾ, ಸ್ವಲ್ಪ ಮುಂದಕ್ಕೆ ತಗೊಂಡು ಪಕ್ಕಕ್ಕೆ ಹಾಕಿಬಿಡಿ. ನೀರು ನಾನು ಕೊಟ್ಟು ಬರ್ತೀನಿ. ನೀವು ಯಾಕೆ ಒದ್ದಾಡ್ತೀರಿ?"

"ಒದ್ದಾಡೋದು ನಾನು. ನಿನಗ್ಯಾಕೆ ಸುಸ್ತು?"

"ಅಲ್ಲ, ಎಷ್ಟು ಹೊತ್ತು ಕಾಯೋದು?"

"ಇಂಜಿನ್ ಆರಿಸಿ ಕಾಯಿ. ಡೀಸೆಲ್ ಉಳಿಯುತ್ತೆ."

ಮೇಸ್ತ್ರಿ ಬಾಯಿ ಒರೆಸಿಕೊಂಡು ಇಳಿದ. ನೋಡುವವನು ಒಬ್ಬ ಇದ್ದಾನೆ ಅಂತ ತಿಳಿದ ಕೂಡಲೇ ನೆಲದ ಮೇಲೆ ಕಾಲು ಗಟ್ಟಿಯಾಯಿತು. ಬಾನೆಟ್ಟು ಎತ್ತಿದ. ಸ್ಕ್ರೂಡ್ರೈವರು ಹಚ್ಚಿದ. ಕಣ್ಣು ಮುಚ್ಚಿದ. ಕಣ್ಣು ಬಿಡದೆಯೇ ಕೇಳಿದ, "ಡೀಸೆಲ್ ಹಾಕಿದೀಯಾ?"

ನೀರಕ್ಕ ತಡೆದುಕೊಳ್ಳುವಷ್ಟು ತಡೆದುಕೊಂಡಾಗಿತ್ತು. "ಇರು, ನಾನೇ ತೋರಿಸ್ತೀನಿ," ಎಂದು ಕ್ಯಾಬಿನಿನಿಂದ ಅವನ ಕೋಲು ಎಳೆದುಕೊಂಡು ಡೀಸೆಲ್ ಟ್ಯಾಂಕಿನ ಹತ್ತಿರ ಹೋದಳು. ಈ ಸಲ ಕೋಲನ್ನು ಅವನ ಮೂಗಿಗೆ ಹಿಡಿಯಬೇಕು ಅನ್ನುವುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಮುಚ್ಚಳಕ್ಕೆ ಕೈ ಹಾಕಿದಳು. ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಕಚ್ಚಿಕೊಂಡಿತ್ತು. ಸೆರಗು ಸುತ್ತಿ, ಕಾಲು ಊರಿ, ಎರಡೂ ಕೈಯಿಂದ ತಿರುಚಿದಳು.

ಮುಚ್ಚಳ ಬಿಟ್ಟುಕೊಂಡಿತು. ಬಿಟ್ಟುಕೊಂಡದ್ದೇ ತಡ, ಟ್ಯಾಂಕು ಸುಯ್ಯೆಂದು ಉದ್ದಕ್ಕೆ ಒಂದು ಉಸಿರು ಒಳಗೆ ಎಳೆದುಕೊಂಡಿತು. ಒಳಕ್ಕೆ ಕುಗ್ಗಿದ್ದ ಅದರ ಪಕ್ಕೆಯ ತಗಡು ಢಬ್ಬೆಂದು ಹೊರಕ್ಕೆ ಬಂತು. ಹಿಂದೆ ಹೊಸ ಲಾರಿಯವನು ಕೂಡ ಆ ಸದ್ದಿಗೆ ತಲೆ ಎತ್ತಿದ. ಸ್ವಲ್ಪ ಹೊತ್ತಿಗೆ ನಡುಗುತ್ತಿದ್ದ ಇಂಜಿನ್ ತನ್ನಷ್ಟಕ್ಕೆ ಚೇತರಿಸಿಕೊಂಡು ಒಂದೇ ಸಮನೆ ಗುಡುಗುಡು ಅನ್ನತೊಡಗಿತು.

ಆ ಸದ್ದು ಕೇಳದೆ ಹೋದವನು ಆ ಗುಡ್ಡದಲ್ಲಿ ಒಬ್ಬನೇ. ಅವನು ಬಾನೆಟ್ಟಿನ ಅಡಿಯಲ್ಲಿ ಕಿವಿಗೆ ಸ್ಕ್ರೂಡ್ರೈವರು ಹಚ್ಚಿಕೊಂಡು ಧ್ಯಾನದಲ್ಲಿದ್ದ. "ಆಯ್ತು ನೋಡು," ಎಂದು ಕೂಗಿದ. "ನಾಝಲ್ ನಟ್ಟು ಒಂದು ಎಳೆ ಬಿಗಿ ಮಾಡಿದೆ. ಅಷ್ಟೇ ಇದ್ದದ್ದು."

ನೀರಕ್ಕ ಮುಚ್ಚಳ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ದಿನಾ ನೀರು ಖಾಲಿ ಮಾಡುವವಳು ಅವಳು. ನೀರಿನ ಟ್ಯಾಂಕಿನ ಮೇಲಿನ ಬಾಯಿ ತೆಗೆಯದೆ ಕೆಳಗಿನ ನಲ್ಲಿ ತಿರುಗಿಸಿದರೆ ಏನಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಸರಿಯಾಗೇ ಬರುತ್ತದೆ. ಆಮೇಲೆ ಗಕ್ ಗಕ್ ಅನ್ನುತ್ತದೆ. ಆಮೇಲೆ ಒಳಗೆ ನೀರಿದ್ದೂ ಹೊರಗೆ ಬರುವುದಿಲ್ಲ. ಹೋದ ನೀರಿನ ಜಾಗಕ್ಕೆ ಗಾಳಿ ಬರಬೇಕು, ಬರಲು ದಾರಿ ಬೇಕು. ನೀರಿಗಾದದ್ದು ಡೀಸೆಲ್ಲಿಗೆ ಆಗಬಾರದೆಂದು ಎಲ್ಲಿ ಬರೆದಿದೆ? ಬಂಕಿನಲ್ಲಿ ಮುಚ್ಚಳ ತೆಗೆದ ದಿನ ಹತ್ತಿತು. ಅಣ್ಣ ಕೋಲು ಇಳಿಸಿದ ದಿನ ಹತ್ತಿತು. ಮುಚ್ಚಳ ಮುಟ್ಟದ ದಿನವೆಲ್ಲ ಅರ್ಧದಲ್ಲಿ ನಿಂತಿತು.

ಮುಚ್ಚಳವನ್ನು ಬೆಳಕಿಗೆ ಹಿಡಿದಳು. ನೆತ್ತಿಯ ಮೇಲೆ ಹೆಬ್ಬೆರಳಿನ ಗಾತ್ರದ ಒಂದು ಪುಟ್ಟ ತಿರುಪು, ಹಸಿರು ಬಣ್ಣದಲ್ಲಿ ಹೂತು ಹೋಗಿತ್ತು. ಮನೆಯ ಕೀಲಿಕೈಯಿಂದ ಕೆರೆದಳು. ಬಣ್ಣದ ಸಿಪ್ಪೆ ಎದ್ದು ಎರಡು ಗುರುತು ಕಂಡವು. ಒಂದು ಕಡೆ ನೆಟ್ಟನೆಯ ಗೆರೆ, ಇನ್ನೊಂದು ಕಡೆ ಅಲೆ ಅಲೆಯ ಗೆರೆ. ತಿರುಪಿನ ಮೂತಿ ಅಲೆಯ ಕಡೆಗೆ ಇತ್ತು.

"ಅಣ್ಣ, ಇಲ್ಲಿ ಬಾ."

"ಬಾನೆಟ್ ಮುಚ್ಚಿ ಬರ್ತೀನಿ."

"ಈಗಲೇ ಬಾ."

ಬಂದ. ಅವಳು ಮುಚ್ಚಳ ಅವನ ಕೈಗೆ ಕೊಟ್ಟು, "ಇದನ್ನ ಈ ಕಡೆಗೆ ತಿರುಗಿಸಿದ್ದು ಯಾರು?" ಎಂದಳು.

"ನಾನೇ," ಎಂದ, ಹೆಮ್ಮೆಯಿಂದಲೇ. "ಲೊಡಲೊಡ ಅಂತಿತ್ತು. ಇಕ್ಕಳ ಹಾಕಿ ಬಿಗಿ ಮಾಡಿ ಮೇಲೆ ಬಣ್ಣ ಕೊಟ್ಟೆ. ಧೂಳು ಹೋಗಬಾರದು ನೋಡು ಡೀಸೆಲ್ಲಿಗೆ."

"ಗಾಳಿನೂ ಹೋಗ್ತಿಲ್ಲ. ಗುರುತು ನೋಡು, ಅಲೆ ಅಂದರೆ ನೀರು, ನೆಟ್ಟ ಗೆರೆ ಅಂದರೆ ರಸ್ತೆ. ಇದು ಸೈನ್ಯದವರು ಹೊಳೆ ದಾಟುವಾಗ ಮುಚ್ಚೋದು, ಟ್ಯಾಂಕಿಗೆ ನೀರು ನುಗ್ಗದ ಹಾಗೆ. ದಾಟಿದ ಮೇಲೆ ತೆಗೀತಾರೆ. ನೀನು ಮುಚ್ಚಿ, ಬಣ್ಣ ಬಳಿದು, ನನ್ನನ್ನ ಇಷ್ಟು ದಿನ ಗುಡ್ಡದ ಮೇಲೆ ಹೊಳೆ ದಾಟಿಸ್ತಾ ಇದ್ದೀಯ."

ಮೇಸ್ತ್ರಿ ಮುಚ್ಚಳವನ್ನು ತಿರುವಿ ಮುರುವಿ ನೋಡಿದ. ಕಿವಿಯ ಹತ್ತಿರ ತೆಗೆದುಕೊಂಡು ಹೋಗಲಿಲ್ಲ, ಅಷ್ಟರ ಮಟ್ಟಿಗೆ ಬುದ್ಧಿ ಇತ್ತು. ಮುಖದಲ್ಲಿ ಏನೋ ಒಂದು ಬಂದು ಹೋಯಿತು. ನಾಚಿಕೆಯೇ ಇರಬೇಕು ಅಂದುಕೊಂಡರೆ ಅದು ನಿಲ್ಲಲಿಲ್ಲ. ಜಾಗ ಸಿಗದೆ ಇಳಿದುಹೋಯಿತು.

"ಅದನ್ನೇ ನಾನು ಮೊದಲಿಂದ ಹೇಳ್ತಾ ಇರೋದು," ಅಂದ. "ಇದಕ್ಕೆ ಉಸಿರಾಟದ ತೊಂದರೆ ಅಂತ."

"ನೀನು ನಾಝಲ್ ಅಂದೆ."

"ನಾಝಲ್ಲೂ ಮೂಗಿನ ಥರಾನೇ ಅಲ್ವಾ?"

ನೀರಕ್ಕ ಅವನ ಚೀಲದಿಂದ ಇಕ್ಕಳ ತೆಗೆದುಕೊಂಡಳು. ತಿರುಪು ಬಣ್ಣಕ್ಕೆ ಅಂಟಿಕೊಂಡಿತ್ತು, ಎರಡು ಏಟು ಕೊಟ್ಟ ಮೇಲೆ ಅಲುಗಿತು. ನೆಟ್ಟ ಗೆರೆಯ ಕಡೆಗೆ ತಿರುಗಿಸಿ, ಮುಚ್ಚಳಕ್ಕೆ ಬಾಯಿ ಹಚ್ಚಿ ಊದಿದಳು. ಗಾಳಿ ಆಚೆಗೆ ಹೋಯಿತು. ಹಾಕಿ ಮುಚ್ಚಿದಳು. ಹಿಂದಿನವನು ಮತ್ತೆ ಹಾರನ್ನು ಒತ್ತಿದ.

"ಹತ್ತು," ಎಂದಳು ಅಣ್ಣನಿಗೆ.

"ನಾನು ಇಲ್ಲೇ ಇರ್ತೀನಿ. ಇಳಿಯುವಾಗ ಸಿಗು."

"ಇಳಿಯುವಾಗ ನನಗೆ ಕೆಲಸ ಇರುತ್ತೋ ಇಲ್ಲವೋ ನೋಡ್ಕೊಂಡು ಹೋಗು. ಹತ್ತು."

ಹತ್ತಿದ. ಚಕ್ರದ ಕಲ್ಲು ತೆಗೆದು ಅವಳು ಲಾರಿ ಬಿಟ್ಟಳು. ಇಷ್ಟು ದಿನ ಉಸಿರು ಕಟ್ಟಿ ನಿಲ್ಲುತ್ತಿದ್ದ ಜಾಗಗಳೆಲ್ಲ ಒಂದೊಂದಾಗಿ ಬಂದವು. ಮುರಿದ ತಡೆಗೋಡೆ ಬಂತು, ಅವಳ ಕಾಲು ತಾನಾಗಿಯೇ ಬಿಗಿಯಿತು. ಲಾರಿ ದಾಟಿತು. ನೀರಿನ ಪೈಪು ಹೂಳಲು ತೋಡಿ ಬಿಟ್ಟ ಗುಂಡಿ ಬಂತು, ದಾಟಿತು. ಸೈಲೆನ್ಸರಿನಿಂದ ದಿವ್ಯವಾದ ಕಪ್ಪು ಹೊಗೆ ಎದ್ದು ಹೊಸ ಲಾರಿಯ ಗಾಜಿಗೆ ಬಡಿಯಿತು. ಹೊಗೆ ಕಂಡು ಅಷ್ಟು ಸಂತೋಷಪಟ್ಟ ಹೆಂಗಸು ಆ ರಸ್ತೆಯಲ್ಲಿ ಹಿಂದೆ ಓಡಾಡಿರಲಾರಳು. ಪಕ್ಕದ ಸೀಟಿನಲ್ಲಿ ಇಂಜಿನ್ ವೈದ್ಯರು ಚೀಲದೊಳಗೆ ಮುಖ ಇಟ್ಟುಕೊಂಡಿದ್ದರು. ಯಾವ ಸದ್ದನ್ನೂ ಪರೀಕ್ಷೆ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಗೇಟಿನಲ್ಲಿ ಸ್ಟೋರ್ ಕೀಪರ್ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಹಸಿರು ಮೂತಿ ಮೊದಲು ಕಂಡದ್ದು ನೋಡಿ ಕೈ ಬಿಚ್ಚಿದ.

"ಬಂತಾ?" ಅಂದ.

"ಬಂತು."

"ನಾಳೆ?"

"ನಾಳೆಯೂ ಬರುತ್ತೆ. ಇದೇ ಹೊತ್ತಿಗೆ."

ಅವನು ಅವಳ ಮುಖವನ್ನು ಒಂದು ಕ್ಷಣ ನೋಡಿದ. ದಿನಾ ಸಬೂಬು ಹೇಳುವ ಮುಖ ಯಾವುದು, ಇವತ್ತಿನದು ಯಾವುದು ಅಂತ ಗುರುತು ಹಿಡಿಯುವಷ್ಟು ಬುದ್ಧಿವಂತ. ಹಿಂದೆ ಬಂದ ಹೊಸ ಲಾರಿಯವನಿಗೆ ಕೈಯಲ್ಲೇ ವಾಪಸ್ ಹೋಗು ಅಂತ ಸನ್ನೆ ಮಾಡಿದ. ಅವನು ಏನೋ ಗೊಣಗಿಕೊಂಡು ತಿರುಗಿಸಿಕೊಂಡ.

"ಯಾರು ಸರಿ ಮಾಡಿದ್ದು?" ಎಂದು ಕೇಳಿದ ಸ್ಟೋರ್ ಕೀಪರ್.

ಆ ಪ್ರಶ್ನೆ ಕಿವಿಗೆ ಬಿದ್ದದ್ದೇ, ಕ್ಯಾಬಿನಿನ ಆ ಬದಿಯ ಬಾಗಿಲು ತೆರೆಯಿತು. ಮೇಸ್ತ್ರಿ ಇಳಿದ. ತಲೆಗೂದಲು ಸರಿ ಮಾಡಿಕೊಂಡ. ಸ್ಕ್ರೂಡ್ರೈವರನ್ನು ಜೇಬಿಗೆ ಕಾಣುವ ಹಾಗೆ ಸಿಕ್ಕಿಸಿಕೊಂಡು ಗದ್ದ ಎತ್ತಿ ನಿಂತ. ನೀರಕ್ಕ ಅವನ ಕಡೆ ನೋಡಿದಳು, ಸ್ಟೋರ್ ಕೀಪರನ ಕಡೆ ನೋಡಿದಳು. ಕೆಡಿಸಿದ್ದು ಇವನೇ ಅಂತ ಹೇಳಿದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

"ನಾನೇ," ಎಂದಳು. "ಇವನು ಜೊತೆಗೆ ಬಂದಿದ್ದ."

ಆಮೇಲೆ ನೀರಿನ ಟ್ಯಾಂಕಿನ ಮೇಲೆ ಹತ್ತಿ ಬಾಯಿ ತೆಗೆದು, ದಪ್ಪ ಪೈಪನ್ನು ಬಿಚ್ಚಿ ಕೆಳಕ್ಕೆ ಬಿಟ್ಟಳು. "ಅಣ್ಣ, ಪೈಪ್ ಹಿಡಿ."

ಅವನು ಅತ್ತ ಇತ್ತ ನೋಡಿದ. ಹಿಡಿಯುವುದಕ್ಕೆ ಬೇರೆ ಯಾರೂ ಇರಲಿಲ್ಲ. ತೊಟ್ಟಿಯ ಹತ್ತಿರ ಒಬ್ಬ ಮುದುಕಿ ಆಯಾ ಬಕೆಟ್ಟುಗಳ ಸಾಲು ಇಟ್ಟುಕೊಂಡು ಕಾಯುತ್ತಿದ್ದಳು, ಒಳಗಿನಿಂದ ಎಳೆ ಮಕ್ಕಳ ಅಳು ಕೇಳುತ್ತಿತ್ತು. ಪೈಪು ಹಿಡಿದ. ನೀರು ಬಂದ ರಭಸಕ್ಕೆ ಕೈ ಜಾರಿ, ಅರ್ಧ ತೊಟ್ಟಿಗೆ, ಅರ್ಧ ಅವನ ಪ್ಯಾಂಟಿಗೆ ಹೋಯಿತು.

"ಸ್ವಲ್ಪ ಮೇಲೆತ್ತಿ ಹಿಡಿಯಪ್ಪಾ," ಎಂದಳು ಆಯಾ. "ನೆಲಕ್ಕೆ ಹೋಗ್ತಾ ಇದೆ ನೀರು."

"ನಾನು ಮೇಸ್ತ್ರಿ," ಎಂದ ಅವನು.

"ಇರಬಹುದು," ಎಂದಳು ಆಯಾ. "ಮೇಲೆತ್ತಿ ಹಿಡಿ."